ಕಾರಿನೊಳಗೆ ಕಾಸು ಕೊಟ್ಟು, ಕಾರಿನ ಹಿಂದೆ ಪುಕ್ಕಟೆ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆ ಬಿಡಿಸಿದಾಗ ಒಳಗಿನಿಂದ ಒಂದು ಹಸಿರು ಕರಪತ್ರ ಉದುರಿತು. ಅದು ನೀವು ಅಚ್ಚು ಹಾಕಿದ್ದಲ್ಲ, ಪೇಪರ್ ಹಾಕುವ ಹುಡುಗ ಸೇರಿಸಿದ್ದು ಎಂದು ಬಲ್ಲೆ. ಆದರೆ ಪತ್ರಿಕೆಯೊಳಗಿಂದ ಬಿದ್ದದ್ದನ್ನು ಜನ ಪತ್ರಿಕೆಯಷ್ಟೇ ನಂಬುತ್ತಾರೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ‘ಓಝೋನ್ ಯಂತ್ರ: 15 ನಿಮಿಷದಲ್ಲಿ ನಿಮ್ಮ ಕಾರು ಸಂಪೂರ್ಣ ಸ್ಟೆರಿಲೈಸ್. ರಾಸಾಯನಿಕವಿಲ್ಲ, ಅಡ್ಡಪರಿಣಾಮವಿಲ್ಲ’ ಎಂದು ಅದರಲ್ಲಿತ್ತು. ಅಂಥದೇ ಒಂದು ಯಂತ್ರ ನನ್ನ ಮಗನ ಗ್ಯಾರೇಜಿನಲ್ಲೂ ಆರು ತಿಂಗಳಿಂದ ಇದೆ. ಹಾಗಾಗಿ ಈ ದೂರಿನಲ್ಲಿ ನಮ್ಮ ಮನೆಗೂ ಪಾಲಿದೆ.

ನಾನು 31 ವರ್ಷ ಸ್ಟಾಫ್ ನರ್ಸ್ ಆಗಿ ದುಡಿದವಳು. ಕೊನೆಯ 12 ವರ್ಷ ಆಪರೇಷನ್ ಥಿಯೇಟರಿನ ಪಕ್ಕದ ಸ್ಟೆರಿಲೈಸೇಷನ್ ಕೋಣೆಯೇ ನನ್ನ ಪ್ರಪಂಚ. ಸ್ಟೆರಿಲೈಸ್ ಎಂದರೆ ಒಂದು ಕ್ರಿಮಿಯೂ ಉಳಿಯದಂತೆ ಮಾಡುವುದು; ಅಲ್ಲಿ ಆ ಪದವನ್ನು ಯಾರೂ ಸುಮ್ಮನೆ ಬಾಯಿಗೆ ತರುತ್ತಿರಲಿಲ್ಲ. 121 ಡಿಗ್ರಿ ಹಬೆ, 15 ಪೌಂಡ್ ಒತ್ತಡ, ಬಟ್ಟೆಯ ಡ್ರಮ್ಮಿಗೆ ಅರ್ಧ ಗಂಟೆ. ಡ್ರಮ್ಮಿಗೆ ಅಂಟಿಸಿದ ಟೇಪಿನ ಗೆರೆಗಳು ಕಪ್ಪಾಗಿರದಿದ್ದರೆ ಡಾಕ್ಟರು ಎಷ್ಟೇ ಅವಸರಪಡಿಸಲಿ, ಡ್ರಮ್ ವಾಪಸ್. ಕಪ್ಪಾದರೂ ಪೂರ್ತಿ ನಂಬುವಂತಿರಲಿಲ್ಲ. ಸುಲಭಕ್ಕೆ ಸಾಯದ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಗಳ ಸಣ್ಣ ಶೀಶೆಯನ್ನು ಆಗಾಗ ಒಳಗಿಟ್ಟು ಬೇಯಿಸಿ, ಆಮೇಲೆ ಅದರಲ್ಲಿ ಏನಾದರೂ ಬೆಳೆಯುತ್ತದೆಯೇ ಎಂದು ನೋಡುತ್ತಿದ್ದೆವು. ಮಗನನ್ನು ಕೇಳಿದೆ, ‘ನಿನ್ನ ಯಂತ್ರಕ್ಕೆ ಟೇಪ್ ಎಲ್ಲಿದೆಯೋ?’ ಅವನು ನಕ್ಕುಬಿಟ್ಟ. ‘ಅಮ್ಮಾ, ಗಿರಾಕಿಗಳಿಗೆ ಮೂಗೇ ಟೇಪು. ವಾಸನೆ ಹೋದರೆ ಆಯಿತು.’

ವಾಸನೆ ಹೋಗುವುದೇನೋ ನಿಜ. ಓಝೋನನ್ನು ತಿರಸ್ಕರಿಸುವಷ್ಟು ದಡ್ಡಿ ನಾನಲ್ಲ. ಎರಡು ತಗಡುಗಳ ನಡುವೆ ಗಾಜೋ ಪಿಂಗಾಣಿಯೋ ಇಟ್ಟು, ಹೆಚ್ಚು ವೋಲ್ಟೇಜಿನ ವಿದ್ಯುತ್ ಹರಿಸಿ, ಆ ಸಂದಿಯಲ್ಲಿ ಗಾಳಿ ತೂರಿದರೆ ಆಮ್ಲಜನಕ ಓಝೋನ್ ಆಗುತ್ತದೆ. ಜರ್ಮನಿಯ ವೆರ್ನರ್ ಫಾನ್ ಸೀಮೆನ್ಸ್ ಈ ಉಪಾಯ ಕಂಡುಹಿಡಿದದ್ದು 1857ರಲ್ಲಿ. ಫ್ರಾನ್ಸಿನ ನೀಸ್ ಪಟ್ಟಣ 1906ರಿಂದಲೇ ಕುಡಿಯುವ ನೀರಿಗೆ ಓಝೋನ್ ಹಾಯಿಸಿತು. ನಾವು ಬಸ್ ನಿಲ್ದಾಣದಲ್ಲಿ ಕೊಳ್ಳುವ ಬಾಟಲಿ ನೀರಿಗೂ ಸಾಮಾನ್ಯವಾಗಿ ಅದೇ ಉಪಚಾರ. ಆದರೆ ನೀರಿನಲ್ಲಿ ಕ್ರಿಮಿ ಸಾಯುವಾಗ ನಾವು ಆ ತೊಟ್ಟಿಯೊಳಗೆ ಕುಳಿತಿರುವುದಿಲ್ಲ.

ಗ್ಯಾರೇಜಿನ ಹುಡುಗ ಮಾತ್ರ ಕುಳಿತಿದ್ದ. ಯಂತ್ರವನ್ನು ಹಿಂದಿನ ಸೀಟಿನಲ್ಲಿಟ್ಟು, ಗಾಜು ಏರಿಸಿ, ಎಸಿ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಮೊಬೈಲ್ ನೋಡುತ್ತಿದ್ದ. ಹೊರಗೆ ಬಿಸಿಲಿತ್ತು, ಪಾಪ. ಎರಡು ವಾರದಿಂದ ಅವನಿಗೆ ಒಣಕೆಮ್ಮು. ಥಂಡಿಯಿರಬೇಕು ಎಂದು ನಾನೇ ಶುಂಠಿ ಕಷಾಯ ಮಾಡಿ ಕಳುಹಿಸುತ್ತಿದ್ದೆ! ನಮ್ಮ ಥಿಯೇಟರಿಗೆ ಫಾರ್ಮಲಿನ್ ಹೊಗೆ ಹಾಕುವ ದಿನ ಬಾಗಿಲ ಸಂದಿಗೆಲ್ಲ ಕಾಗದ ಅಂಟಿಸಿ ರಾತ್ರಿಯಿಡೀ ಬೀಗ ಹಾಕುತ್ತಿದ್ದೆವು. ಮರುದಿನ ಅಮೋನಿಯಾ ಇಟ್ಟು, ಕಣ್ಣುರಿ ಪೂರ್ತಿ ನಿಂತ ಮೇಲೆಯೇ ಒಳಗೆ ಕಾಲಿಡುತ್ತಿದ್ದದ್ದು. ಇಲ್ಲಿ ಅಂಥ ಶಾಸ್ತ್ರವೇ ಇಲ್ಲ.

ಅಂದು ಸಂಜೆ ಲೆಕ್ಕ ಹಾಕಿದೆ. ಡಬ್ಬದ ಮೇಲೆ ‘ಗಂಟೆಗೆ 10 ಗ್ರಾಂ’ ಎಂದಿದೆ. 15 ನಿಮಿಷಕ್ಕೆ ಎರಡೂವರೆ ಗ್ರಾಂ. ಕಾರಿನೊಳಗಿನ ಗಾಳಿ ಸುಮಾರು ಮೂರು ಘನ ಮೀಟರ್. ಡಬ್ಬದ ಮಾತಿನಲ್ಲಿ ಬುರುಡೆ ಎಷ್ಟೋ, ಸೀಟು ಮ್ಯಾಟುಗಳಿಗೆ ತಗುಲಿ ಕರಗುವುದು ಎಷ್ಟೋ ಎಂದು ನೂರಕ್ಕೆ 99 ಪಾಲು ಕಳೆದರೂ ಘನ ಮೀಟರಿಗೆ 8 ಮಿಲಿಗ್ರಾಂ ಉಳಿಯುತ್ತದೆ. ನಮ್ಮ ದೇಶದ 2009ರ ಗಾಳಿ ಮಾನದಂಡದಲ್ಲಿ ಓಝೋನಿಗೆ ಒಂದು ಗಂಟೆಯ ಮಿತಿ ಘನ ಮೀಟರಿಗೆ 180 ಮೈಕ್ರೋಗ್ರಾಂ, ಅಂದರೆ 0.18 ಮಿಲಿಗ್ರಾಂ. ನಲವತ್ತು ಪಟ್ಟಿಗೂ ಮೀರಿತು. ಮಗ ಲೆಕ್ಕ ನೋಡಿ, ‘ಆಸ್ಪತ್ರೆಯವರು ಎಲ್ಲಕ್ಕೂ ಹೆದರಿಸುತ್ತೀರಿ’ ಎಂದ. ಓಝೋನ್ ತಗುಲಿದರೆ ಎಳೆದ ರಬ್ಬರ್ ಬಿರಿಯುತ್ತದಲ್ಲ, ಮರುದಿನ ಒಂದು ಸ್ಟೀಲ್ ಲೋಟದ ಸುತ್ತ ನಾಲ್ಕು ರಬ್ಬರ್ ಬ್ಯಾಂಡ್ ಎಳೆದು ಹಾಕಿ, ಯಂತ್ರದ ಪಕ್ಕ ಇಟ್ಟೆ. ನಾಲ್ಕನೆಯ ಕಾರು ಮುಗಿಯುವಷ್ಟರಲ್ಲಿ ಅವುಗಳ ಮೈಮೇಲೆ ಬ್ಲೇಡಿನಿಂದ ಗೀರಿದಂತೆ ಸಣ್ಣ ಅಡ್ಡ ಬಿರುಕುಗಳು. ಒಂದು ಕಡಿದೇ ಹೋಗಿತ್ತು. ಅಂದಿನಿಂದ ಯಂತ್ರ ಓಡುವಾಗ ಯಾರೂ ಕಾರಿನೊಳಗಿಲ್ಲ, ಮುಗಿದ ಮೇಲೆ ಅರ್ಧ ಗಂಟೆ ನಾಲ್ಕೂ ಬಾಗಿಲು ತೆರೆದಿರುತ್ತದೆ. ಹುಡುಗನ ಕೆಮ್ಮು ಕಡಿಮೆಯಾಗಿದೆ.

ರಸಾಯನ ವಿಜ್ಞಾನ ಓದುವ ಮೊಮ್ಮಗಳು ಹೇಳಿದಳು, ಅಜ್ಜಿಯ ರಬ್ಬರ್ ಬ್ಯಾಂಡ್ ಪರೀಕ್ಷೆ ಹೊಸದೇನಲ್ಲವಂತೆ. 1950ರ ಹೊತ್ತಿಗೆ ಲಾಸ್ ಏಂಜಲಿಸ್‌ನಲ್ಲಿ ಜನರ ಕಣ್ಣು ಉರಿಯುತ್ತಿತ್ತು, ಸೊಪ್ಪಿನ ಬೆಳೆ ಹಾಳಾಗುತ್ತಿತ್ತು, ಟೈರುಗಳು ಬಿರಿಯುತ್ತಿದ್ದವು. ಅನಾನಸಿನ ಪರಿಮಳದ ಮೇಲೆ ಸಂಶೋಧನೆ ಮಾಡುತ್ತಿದ್ದ ಹಾಗನ್-ಸ್ಮಿಟ್ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಬದಿಗಿಟ್ಟು ಗಾಳಿಯ ಹಿಂದೆ ಬಿದ್ದರು. ಬಗ್ಗಿಸಿದ ರಬ್ಬರ್ ಪಟ್ಟಿ ಎಷ್ಟು ಹೊತ್ತಿಗೆ ಬಿರುಕು ಬಿಡುತ್ತದೆ ಎಂಬುದರಿಂದಲೇ ಅಲ್ಲಿ ಓಝೋನ್ ಅಳೆದರು. ಆ ಓಝೋನನ್ನು ಯಾವ ಯಂತ್ರವೂ ಬಿಟ್ಟಿರಲಿಲ್ಲ. ವಾಹನಗಳ ಹೊಗೆಯ ನೈಟ್ರೋಜನ್ ಆಕ್ಸೈಡುಗಳು ಮತ್ತು ಸುಡದೆ ಉಳಿದ ಪೆಟ್ರೋಲಿನ ಆವಿ ಬಿಸಿಲಿನಲ್ಲಿ ಸೇರಿ ಅದನ್ನು ತಯಾರಿಸಿದ್ದವು.

ಆ ಹೊಗೆಯನ್ನು ತಡೆಯಲೆಂದೇ ಸೈಲೆನ್ಸರ್ ಪೈಪಿನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದು. ಒಳಗೆ ಜೇನುಗೂಡಿನಂಥ ಪಿಂಗಾಣಿ, ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳುವಾದ ಲೇಪ. ನಮ್ಮಲ್ಲಿ 1995ರಲ್ಲಿ ಮೊದಲು ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಸೀಸ ಈ ಲೇಪವನ್ನು ಹಾಳುಮಾಡುವುದರಿಂದ ಅದರ ಜೊತೆಗೇ ಸೀಸರಹಿತ ಪೆಟ್ರೋಲನ್ನೂ ತರಬೇಕಾಯಿತು. ಇಷ್ಟೆಲ್ಲ ಮಾಡಿ ಕೂರಿಸಿದ್ದನ್ನು ಈಗ ‘ಪಿಕಪ್ ಬರುತ್ತದೆ, ಮೈಲೇಜ್ ಬರುತ್ತದೆ’ ಎಂದು ಕತ್ತರಿಸಿ ತೆಗೆಸುವವರಿದ್ದಾರೆ. ಕತ್ತರಿಸಿದ್ದನ್ನು ಕೊಳ್ಳಲು ಗುಜರಿಯವರೂ ಇದ್ದಾರೆ. ನನ್ನ ಮಗ ಆ ಕೆಲಸ ಮಾಡುವುದಿಲ್ಲ, ಬೇರೆಡೆ ಮಾಡಿಸಿಕೊಂಡು ಬರುತ್ತಾರೆ. ಹಾಗೆ ಮಾಡಿಸಿಕೊಂಡ ಗಿರಾಕಿಯೊಬ್ಬರು ಮೊಮ್ಮಗುವಿನ ಆರೋಗ್ಯಕ್ಕೆಂದು ತಿಂಗಳಿಗೊಮ್ಮೆ 800 ರೂಪಾಯಿ ಕೊಟ್ಟು ಕಾರಿನೊಳಗೆ ಓಝೋನ್ ಬಿಡಿಸುತ್ತಾರೆ. ಊರಿಗೆಲ್ಲ ಬೇಕಾದ ಓಝೋನಿನ ಕಚ್ಚಾ ಸಾಮಗ್ರಿಯನ್ನು ಅವರ ಸೈಲೆನ್ಸರೇ ಪುಕ್ಕಟೆ ಹಂಚುತ್ತಿದೆ.

ಎಮಿಷನ್ ಟೆಸ್ಟಿನವರು ಹಿಡಿಯಬಹುದಲ್ಲ ಎಂದು ಕೇಳಿದರೆ, ಅಲ್ಲಿ ಪೆಟ್ರೋಲ್ ಕಾರಿನ ನೈಟ್ರೋಜನ್ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ ಎಂದ ಮಗ. ಅಳೆಯುವ ಏರ್ಪಾಡು ಆಗಲಿ, ಅದು ತಡವಾದರೆ ಕೊನೆಪಕ್ಷ ಗಾಡಿಯ ಕೆಳಗೆ ಬಗ್ಗಿ ಕನ್ವರ್ಟರ್ ಇದೆಯೋ ಇಲ್ಲವೋ ನೋಡಲಿ. ಓಝೋನ್ ಯಂತ್ರ ಮಾರುವವರು ‘ಯಂತ್ರ ಓಡುವಾಗ ಒಳಗೆ ಯಾರೂ ಇರಕೂಡದು’ ಎಂದು ಡಬ್ಬದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಅಚ್ಚು ಹಾಕಲಿ. ‘ಸ್ಟೆರಿಲೈಸ್’ ಎಂಬ ಪದವನ್ನು ದಯವಿಟ್ಟು ಆಸ್ಪತ್ರೆಗೇ ಬಿಡಲಿ.

ಮಗನ ಗ್ಯಾರೇಜು ನಡೆಯಬೇಕಾದ್ದರಿಂದ ನನ್ನ ಹೆಸರು ಹಾಕಬೇಡಿ. ಆ 800 ರೂಪಾಯಿಯ ಗಿರಾಕಿ ಮೊನ್ನೆ ಮತ್ತೆ ಫೋನ್ ಮಾಡಿದ್ದರು. ಈಚೆಗೆ ಕಾರಿನೊಳಗೆ ಏನೋ ಹೊಗೆಯ ವಾಸನೆ ಬರುತ್ತಿದೆಯಂತೆ, ಇನ್ನೊಂದು ಸಲ ಓಝೋನ್ ಬಿಡಿಸಲು ಯಾವಾಗ ಬರಲಿ ಎಂದು ಕೇಳಿದರು.

– ನಿವೃತ್ತ ಸ್ಟಾಫ್ ನರ್ಸ್, ಶಿವಮೊಗ್ಗ