ಅದು ಮಿಲ್ಕ್ ಥಿಸಲ್ ಅಲ್ಲ, ದತ್ತೂರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ‘ಲಿವರ್‌ಗೆ ಕವಚ ಮಿಲ್ಕ್ ಥಿಸಲ್’ ಅಂತ ಒಂದು ಬರಹ ಬಂದಿತ್ತು. ಜೊತೆಗೆ ಅರ್ಧ ಪುಟದ ಬಣ್ಣದ ಚಿತ್ರ. ಚಿತ್ರ ಚೆನ್ನಾಗಿತ್ತು. ಆದರೆ ಗಿಡ ಬೇರೆ. ಅದು ದತ್ತೂರಿ (ಆರ್ಜಿಮೋನ್; ಉಮ್ಮತ್ತಿ ಅನ್ನುವ ದತ್ತೂರ ಅಲ್ಲ). ಮೂವತ್ತೊಂದು ವರ್ಷ ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಟ್ಟವಳು ನಾನು, ಆ ಹಳದಿ ಹೂವನ್ನು ಕನ್ನಡಕ ಇಲ್ಲದೆಯೂ ಗುರುತು ಹಿಡಿಯುತ್ತೇನೆ.

ಸಣ್ಣ ತಪ್ಪು, ಬಿಡಿ ಅಂತ ಸುಮ್ನೆ ಇರುತ್ತಿದ್ದೆ. ಆದರೆ ಮಂಗಳವಾರ ಬೆಳಿಗ್ಗೆ ನನ್ನ ತಮ್ಮ ಒಂದು ಚೀಲ ಹಿಡಿದು ಬಂದ. ಸ್ಕ್ಯಾನಿಂಗ್‌ನಲ್ಲಿ ಅವನಿಗೆ ಫ್ಯಾಟಿ ಲಿವರ್ ಅಂತ ಬಂದು ಎರಡು ತಿಂಗಳಾಯಿತು. ಚೀಲದಲ್ಲಿ ಬೇರುಸಹಿತ ಕಿತ್ತ ನಾಲ್ಕು ಗಿಡ. ಅವನ ಬೆರಳ ಸಂದಿಯಲ್ಲೆಲ್ಲ ಅರಿಸಿನ ಮೆತ್ತಿದ ಹಾಗೆ ಹಳದಿ ಕಲೆ. “ಅಕ್ಕಾ, ಇದನ್ನ ಎಷ್ಟು ಹೊತ್ತು ಕುದಿಸ್ಬೇಕು?” ಅಂದ. ನಿಮ್ಮ ಪುಟವನ್ನು ನೀಟಾಗಿ ಕತ್ತರಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಎಲೆಯ ಕಷಾಯ ಮಾಡಿ ಖಾಲಿ ಹೊಟ್ಟೆಯಲ್ಲಿ ಕುಡಿಯಿರಿ ಅಂತ ಅದರಲ್ಲಿ ಬರೆದಿತ್ತಲ್ಲ!

ಆ ಹಳದಿ ಕಲೆಯೇ ಮೊದಲ ಗುರುತು. ದತ್ತೂರಿಯ ಕಾಂಡ ಮುರಿದರೆ ಹಳದಿ ಹಾಲು ಒಸರುತ್ತದೆ. ಮಿಲ್ಕ್ ಥಿಸಲ್‌ನಲ್ಲಿ ಅಂಥ ಹಳದಿ ಹಾಲಿಲ್ಲ. ಅದರ ಹೆಸರಿನಲ್ಲಿ ಇರುವ ಹಾಲು ಎಲೆಯ ಮೇಲಿನ ಬಿಳಿ ಗೆರೆಗಳದ್ದು. ಮೇರಿ ಮಾತೆಯ ಎದೆಹಾಲು ಎಲೆಯ ಮೇಲೆ ಬಿದ್ದು ಹಾಗಾಯಿತು ಅಂತ ಯುರೋಪಿನಲ್ಲಿ ಒಂದು ಕಥೆ ಇದೆ. ಅದಕ್ಕೇ ಸಿಲಿಬಮ್ ಮೇರಿಯಾನಮ್ ಅನ್ನುವ ವೈಜ್ಞಾನಿಕ ಹೆಸರು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದನ್ನು ಕಾರ್ಡುವಸ್ ಕುಲಕ್ಕೆ ಸೇರಿಸಿದ್ದ. 1791ರಲ್ಲಿ ಇನ್ನೊಬ್ಬ ಸಸ್ಯವಿಜ್ಞಾನಿ ಗೇರ್ಟ್ನರ್ ಸಿಲಿಬಮ್ ಅಂತ ಬೇರೆ ಮಾಡಿದ, ಮೇರಿಯ ಹೆಸರು ಮಾತ್ರ ಹಾಗೇ ಉಳಿಯಿತು.

ಫೋಟೋ ಹುಡುಕಿದವರು ಎಲ್ಲಿ ಎಡವಿದರು ಅಂತ ನನಗೆ ಗೊತ್ತು. ಎರಡೂ ಮುಳ್ಳಿನ ಗಿಡ, ಎರಡರ ಎಲೆಯಲ್ಲೂ ಬಿಳಿ ನರ. ಬರೀ ಎಲೆ ನೋಡಿದರೆ ಯಾರಾದರೂ ಮೋಸ ಹೋಗಬಹುದು. ಆದರೆ ಹೂವು ಬಂದ ಮೇಲೆ ಅನುಮಾನವೇ ಬೇಡ. ದತ್ತೂರಿ ಗಸಗಸೆ ಕುಟುಂಬದ್ದು, ಹೂವಿಗೆ ಕಾಗದದಷ್ಟು ತೆಳು ಹಳದಿ ಎಸಳು. ಮಿಲ್ಕ್ ಥಿಸಲ್ ಸೂರ್ಯಕಾಂತಿ ಕುಟುಂಬದ್ದು. ಅದರಲ್ಲಿ ಎಸಳೇ ಕಾಣುವುದಿಲ್ಲ. ನೂರಾರು ಪುಟ್ಟ ನೇರಳೆ ಹೂಗಳು ಒಟ್ಟಾಗಿ ಶೇವಿಂಗ್ ಬ್ರಷ್ಷಿನ ಹಾಗೆ ನಿಂತಿರುತ್ತವೆ. ಕೆಳಗೆ ಸುತ್ತಲೂ ಉದ್ದ ಮುಳ್ಳಿನ ಪಟ್ಟಿಗಳು, ಹೂವಿಗೆ ಕಾವಲು ಹಾಕಿದ ಹಾಗೆ.

ನಾನು ಒಮ್ಮೆ ಮಿಲ್ಕ್ ಥಿಸಲ್ ಅನ್ನು ಕುಂಡದಲ್ಲಿ ಬೆಳೆಸಿದ್ದೆ. ಮೊಳಕೆಯ ಮೊದಲ ಎರಡು ಎಲೆ ಸಾದಾ ಹಸಿರು. ಆಮೇಲೆ ಬಂದ ಎಲೆಯಲ್ಲಿ ಬಿಳಿ ಬಲೆ. ಆ ಬಿಳಿ ಬಣ್ಣವಲ್ಲ, ಎಲೆಯ ಮೇಲ್ಪದರದ ಕೆಳಗೆ ಇರುವ ಗಾಳಿಯ ಜಾಗ. ಬೆಳಕು ಅಲ್ಲಿ ಚದುರಿ ಬೆಳ್ಳಗೆ ಕಾಣುತ್ತದೆ. ಕಾಯಿ ಮಾಗಿದಾಗ ತಲೆ ಒಡೆದು ರೇಷ್ಮೆ ಕುಚ್ಚು ಹೊರಬಂತು. ಒಂದು ಬೀಜ ತೆಗೆದು ಲೆನ್ಸಿನ ಕೆಳಗೆ ಇಟ್ಟೆ. ಆರೇಳು ಮಿಲಿಮೀಟರ್ ಉದ್ದ, ಚಪ್ಪಟೆ, ಕಂದು ಮೈ, ಪಾಲಿಶ್ ಹಾಕಿದ ಹಾಗೆ ಹೊಳಪು. ತುದಿಗೆ ಹಳದಿ ಬಳೆಯಂಥ ಒಂದು ಅಂಚು. ಕುಚ್ಚನ್ನು ಮೆಲ್ಲಗೆ ಎಳೆದರೆ ಕೂದಲೆಲ್ಲ ಒಂದೇ ಉಂಗುರವಾಗಿ ಕಳಚಿ ಬರುತ್ತದೆ. ದತ್ತೂರಿ ಬೀಜವಾದರೆ ಸಾಸಿವೆಯಂತೆ ದುಂಡಗೆ, ಕಪ್ಪಗೆ. ಅದರ ಎಣ್ಣೆ ಸಾಸಿವೆ ಎಣ್ಣೆಗೆ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನ ಕಾಲು ಊದಿಕೊಂಡು ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಅದರಲ್ಲಿರುವ ಸ್ಯಾಂಗ್ವಿನರಿನ್ ವಿಷ. ಅಂಥ ಗಿಡದ ಚಿತ್ರ ಹಾಕಿ ‘ಲಿವರ್‌ಗೆ ಕವಚ’ ಅಂದರೆ ಹೇಗೆ ಸ್ವಾಮಿ?

ಚಿತ್ರ ಸರಿ ಇದ್ದಿದ್ದರೂ ಆ ಕಷಾಯದ ಮಾತು ತಪ್ಪೇ. ಮಿಲ್ಕ್ ಥಿಸಲ್‌ನಲ್ಲಿ ಔಷಧಕ್ಕೆ ಬಳಸುವುದು ಎಲೆಯನ್ನಲ್ಲ, ಬೀಜವನ್ನು (ಸರಿಯಾಗಿ ಹೇಳಬೇಕಂದರೆ ಅದು ಒಣ ಹಣ್ಣು, ಆದರೆ ಇಲ್ಲಿ ಪಾಠ ಬೇಡ). 1968ರ ಹೊತ್ತಿಗೆ ಮ್ಯೂನಿಕ್‌ನಲ್ಲಿ ಆ ಬೀಜದಿಂದ ಸಿಲಿಮಾರಿನ್ ಅನ್ನುವ ಔಷಧಾಂಶ ಬೇರ್ಪಡಿಸಿದರು. ಅದು ಒಂದೇ ವಸ್ತು ಅಲ್ಲ, ಸಿಲಿಬಿನ್ ಮತ್ತು ಅದರ ನೆಂಟರ ಗುಂಪು. ನೀರಿನಲ್ಲಿ ಇದು ಕರಗುವುದು ಬಹಳ ಕಡಿಮೆ. ಹಾಗಾಗಿ ಬೀಜವನ್ನೇ ಕುದಿಸಿದರೂ ಲೋಟಕ್ಕೆ ಬರುವುದು ಅಷ್ಟಕ್ಕಷ್ಟೇ. ಇನ್ನು ಎಲೆ. ಯುರೋಪಿನಲ್ಲಿ ಮುಳ್ಳು ಕತ್ತರಿಸಿ ಎಳೆ ಎಲೆ ತಿನ್ನುತ್ತಿದ್ದರು, ನಿಜ. ಆದರೆ ಈ ಗಿಡ ಮಣ್ಣಿನ ನೈಟ್ರೇಟನ್ನು ಎಲೆಯಲ್ಲಿ ಕೂಡಿಡುತ್ತದೆ. ದನ, ಕುರಿ ಜಾಸ್ತಿ ಮೇದರೆ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತ ಆಮ್ಲಜನಕ ಹೊರುವುದನ್ನೇ ಕೆಡಿಸುತ್ತದೆ. ಆಸ್ಟ್ರೇಲಿಯಾದ ರೈತರಿಗೆ ಇದು ಔಷಧಿ ಗಿಡ ಅಲ್ಲ, ಹಾಳು ಕಳೆ.

ಹಾಗಂತ ಮಿಲ್ಕ್ ಥಿಸಲ್ ಬರೀ ಬುರುಡೆ ಅಂತ ನಾನು ಹೇಳುತ್ತಿಲ್ಲ. ಅಮಾನಿಟಾ ಫ್ಯಾಲಾಯ್ಡಿಸ್ ಅನ್ನುವ ವಿಷದ ಅಣಬೆ ತಿಂದವರಿಗೆ ಯುರೋಪಿನ ಆಸ್ಪತ್ರೆಗಳಲ್ಲಿ ಸಿಲಿಬಿನ್ ಅನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಆ ವಿಷ ಲಿವರ್ ಕೋಶದ ಒಳಗೆ ಹೋಗುವ ಬಾಗಿಲನ್ನು ಅದು ಅಡ್ಡಗಟ್ಟುತ್ತದೆ. ಇದು ಇಂಜೆಕ್ಷನ್ನಿನ ಮಾತು, ಡಬ್ಬಿಯ ಕ್ಯಾಪ್ಸೂಲಿನದಲ್ಲ. 1989ರಲ್ಲಿ ಪ್ರಕಟವಾದ ವಿಯೆನ್ನಾದ ಒಂದು ಪ್ರಯೋಗದಲ್ಲಿ ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದ್ದ 170 ಜನರ ಪೈಕಿ ಸಿಲಿಮಾರಿನ್ ತೆಗೆದುಕೊಂಡವರು ಹೆಚ್ಚು ಬದುಕಿದರು. ಆದರೆ 2012ರಲ್ಲಿ ಅಮೆರಿಕದಿಂದ ಇನ್ನೊಂದು ಬಂತು. ಇಂಟರ್‌ಫೆರಾನ್ ಅನ್ನುವ ಔಷಧಕ್ಕೆ ಜಗ್ಗದ ಹೆಪಟೈಟಿಸ್ ಸಿ (ವೈರಸ್‌ನಿಂದ ಬರುವ ಲಿವರ್ ಕಾಯಿಲೆ) ಇದ್ದ 154 ಜನ, 24 ವಾರ. ಒಂದು ಗುಂಪಿಗೆ ಸಿಲಿಮಾರಿನ್, ಇನ್ನೊಂದಕ್ಕೆ ಅದೇ ಜಾಸ್ತಿ ಪ್ರಮಾಣದಲ್ಲಿ, ಮೂರನೆಯದಕ್ಕೆ ಔಷಧವೇ ಇಲ್ಲದ ಮಾತ್ರೆ. ರಕ್ತದ ಲಿವರ್ ಪರೀಕ್ಷೆಯಲ್ಲಿ ಗುರಿ ಮುಟ್ಟಿದವರು ಮೂರೂ ಗುಂಪಿನಲ್ಲಿ ತಲಾ ಇಬ್ಬರೇ! ನಿಮ್ಮ ಬರಹದಲ್ಲಿ ಮೊದಲ ಬಗೆಯ ಮಾತು ಮಾತ್ರ ಇತ್ತು.

ಕೊಳ್ಳುವವರು ಲೇಬಲ್ ಓದಲಿ. 175 ಮಿಲಿಗ್ರಾಂ ಸಾರ, ಶೇ. 80 ಸಿಲಿಮಾರಿನ್ ಅಂತ ಇದ್ದರೆ ಒಳಗೆ ಇರುವುದು 140 ಮಿಲಿಗ್ರಾಂ. ‘ಬೀಜದ ಪುಡಿ’ ಅಂತ ಇದ್ದರೆ ಲೆಕ್ಕವೇ ಬೇರೆ, ಬೀಜದಲ್ಲಿ ಸಿಲಿಮಾರಿನ್ ಇರುವುದು ನೂರಕ್ಕೆ ಎರಡು ಮೂರು ಪಾಲು. ಸೇವಂತಿಗೆ, ಚೆಂಡುಹೂವಿಗೆ ಮೈ ತುರಿಸುವವರು ದೂರ ಇರುವುದು ಒಳ್ಳೆಯದು, ಒಂದೇ ಕುಟುಂಬ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಡಾಕ್ಟರಿಗೆ ಹೇಳದೆ ಶುರು ಮಾಡಬಾರದು.

ನನ್ನ ತಮ್ಮನಿಗೆ ಡಾಕ್ಟರ್ ಹೇಳಿದ್ದು ಒಂದೇ, ತೂಕ ಇಳಿಸಿ ಅಂತ. ಅದು ಅವನಿಗೆ ಕಷಾಯಕ್ಕಿಂತ ಕಹಿ, ಅಲ್ವಾ!

ದಯವಿಟ್ಟು ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಎರಡು ಸಾಲು ಸಾಲದು. ನೇರಳೆ ಹೂವಿನ ಸರಿಯಾದ ಚಿತ್ರ, ಅದೇ ಅರ್ಧ ಪುಟದ ಅಳತೆಯಲ್ಲಿ ಇರಲಿ. ತಮ್ಮ ನಿಮ್ಮ ಹಳೆಯ ಪುಟವನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದಾನೆ. ಕೀಳು ಅಂದರೆ “ಪೇಪರ್‌ನಲ್ಲೇ ಬಂದಿದೆಯಲ್ಲ ಅಕ್ಕಾ” ಅನ್ನುತ್ತಾನೆ. ಅದರ ಮೇಲೆಯೇ ಅಂಟಿಸಬೇಕು ಅಂತಿದ್ದೇನೆ.

– ಒಬ್ಬ ನಿವೃತ್ತ ಸಸ್ಯಶಾಸ್ತ್ರ ಶಿಕ್ಷಕಿ