ಮೊನೆ ಮುರಿದ ಚಾಕು ಕಂಪನಿಗೆ ಕಳಿಸುವ ಮುಂಚೆ

ಗೆಳೆಯಾ,

ನಿನ್ನ ಸ್ವಿಸ್ ಆರ್ಮಿ ಜೇಬುಚಾಕುವಿನ ಫೋಟೋ ನೋಡಿದೆ. ದೊಡ್ಡ ಅಲಗಿನ ಮೊನೆ ಹೋಗಿದೆ, ಕತ್ತರಿಯ ಸ್ಪ್ರಿಂಗ್ ಕಾಣೆಯಾಗಿದೆ, ಹಿಡಿಯ ಒಂದು ಕಡೆ ಕೆಂಪು ಪ್ಲಾಸ್ಟಿಕ್ ಬಿರುಕು ಬಿಟ್ಟಿದೆ. ಎಸೆದು ಹೊಸದು ತಗೊಳ್ಳಲಾ, ಕಂಪನಿಗೆ ಕಳಿಸಲಾ ಅಂತ ಕೇಳಿದ್ದೀಯ. ಎಸೆಯುವ ಮಾತೇ ಬೇಡ ಮಾರಾಯ. ಆದರೆ ಕಳಿಸುವ ಮುಂಚೆ ಒಂದು ವಿಷಯ ನೀನೇ ತೀರ್ಮಾನ ಮಾಡು. ನಿನಗೆ ಕೆಲಸಕ್ಕೆ ಬರುವ ಒಂದು ಚಾಕು ಸಾಕಾ, ಇಲ್ಲ ಇದೇ ಚಾಕು ಬೇಕಾ?

ಯಾಕೆ ಕೇಳುತ್ತಿದ್ದೇನೆ ಅಂದರೆ, ವಾರಂಟಿ ಕಾಗದದಲ್ಲಿ ಸಾಮಾನ್ಯವಾಗಿ "ರಿಪೇರಿ ಮಾಡುತ್ತೇವೆ ಅಥವಾ ಬದಲಿ ಕೊಡುತ್ತೇವೆ" ಅಂತಲೇ ಬರೆದಿರುತ್ತಾರೆ. ಆ ಎರಡರಲ್ಲಿ ಯಾವುದು ಅನ್ನುವುದನ್ನು ಆರಿಸುವವರು ಅವರು, ನೀನಲ್ಲ. ಹಳೆಯ ಚಾಕು ಬಿಚ್ಚಿ ಜೋಡಿಸುವುದಕ್ಕಿಂತ ಹೊಸದೊಂದನ್ನು ಡಬ್ಬಿಗೆ ಹಾಕಿ ಕಳಿಸುವುದು ಅವರಿಗೆ ಎಷ್ಟೋ ಸಲ ಸುಲಭ. ನಿನ್ನ ಚಾಕುವಿನ ಅಲಗಿನ ಮೇಲೆ ನಿಮ್ಮಪ್ಪ ಕೊರೆಸಿದ ಹೆಸರಿದೆ ಅಲ್ವಾ? ಹೊಸ ಚಾಕು ಬಂದರೆ ಆ ಹೆಸರು ಬರುವುದಿಲ್ಲ. ಅಲಗು ಮಾತ್ರ ಬದಲಾಯಿಸಿದರೂ ಅಷ್ಟೇ. ಹಾಗಾಗಿ ಪತ್ರದ ಮೊದಲ ಸಾಲಿನಲ್ಲೇ ಬರೆ: ರಿಪೇರಿ ಆಗದಿದ್ದರೆ ಇದನ್ನು ಹಾಗೆಯೇ ವಾಪಸ್ ಕಳಿಸಿ, ನನ್ನನ್ನು ಕೇಳದೆ ಬದಲಿ ಕೊಡಬೇಡಿ, ಹಳೆಯ ಅಲಗು ತೆಗೆದರೆ ಅದನ್ನೂ ಜೊತೆಗೆ ಇಡಿ. ಅದಕ್ಕೆ ಅವರು ಒಪ್ಪಿದ್ದು ಬರವಣಿಗೆಯಲ್ಲಿ ಬರಲಿ. ಫೋನಿನಲ್ಲಿ ಹೇಳಿದ್ದು ರಿಪೇರಿ ಮೇಜಿನ ತನಕ ತಲುಪುತ್ತದೆ ಅಂತ ನಾನಂತೂ ನಂಬುವುದಿಲ್ಲ.

ಇನ್ನು ವಾರಂಟಿ. "ಲೈಫ್‌ಟೈಮ್" ಅಂತ ಓದಿದ ತಕ್ಷಣ ಏನಾದರೂ ಸರಿ ಮಾಡಿಕೊಡುತ್ತಾರೆ ಅಂತ ಅನ್ನಿಸುತ್ತದೆ. ಸ್ವಿಸ್ ಆರ್ಮಿ ಚಾಕು ಮಾಡುವ ವಿಕ್ಟೋರಿನಾಕ್ಸ್ ಕಂಪನಿಯ ಚಾಕುಗಳಿಗೆ ಇರುವ ಜೀವಮಾನದ ವಾರಂಟಿ ಉಕ್ಕಿನ ದೋಷಕ್ಕೆ ಮತ್ತು ತಯಾರಿಕೆಯ ದೋಷಕ್ಕೆ. ಬಳಸಿ ಸವೆದದ್ದು, ತಪ್ಪಾಗಿ ಬಳಸಿ ಮುರಿದದ್ದು ಅದರಲ್ಲಿ ಬರುವುದಿಲ್ಲ. ಇಂಥದ್ದೇ ಮಡಚುವ ಉಪಕರಣ ಮಾಡುವ ಇನ್ನೊಂದು ಕಂಪನಿ ಲೆದರ್‌ಮನ್ ಕೊಡುವುದು 25 ವರ್ಷದ ವಾರಂಟಿ, ಅಲ್ಲೂ ಮಾತು ಹೆಚ್ಚುಕಡಿಮೆ ಇದೇ. ನೀನು ಡಬ್ಬದ ಮುಚ್ಚಳ ಮೀಟಲು ಹೋಗಿ ಮೊನೆ ಮುರಿದದ್ದು ಅಂತ ಬರೆದಿದ್ದೀಯ. ಕಂಪನಿಗೂ ಅದನ್ನೇ ಬರೆ. ಸುಮ್ನೆ "ತಾನಾಗೇ ಮುರಿಯಿತು" ಅನ್ನಬೇಡ. ಅಡ್ಡ ಒತ್ತಡಕ್ಕೆ ಮುರಿದ ಅಲಗು ಯಾವುದು, ಉಕ್ಕೇ ಕೆಟ್ಟು ಮುರಿದದ್ದು ಯಾವುದು ಅಂತ ದಿನವೂ ಚಾಕು ನೋಡುವವರಿಗೆ ಗೊತ್ತಾಗದೆ ಇರುತ್ತದಾ? ವಾರಂಟಿಯಲ್ಲಿ ಬರದಿದ್ದರೆ ದುಡ್ಡು ಕೊಟ್ಟು ಮಾಡಿಸಬಹುದು. ಎಷ್ಟಾಗುತ್ತದೆ ಅಂತ ಮೊದಲೇ ಹೇಳಿ, ನಾನು ಒಪ್ಪಿದ ಮೇಲೆ ಕೈ ಹಾಕಿ ಅಂತ ಕೇಳಿಕೋ.

ಚಾಕು ಅಸಲಿಯೋ ನಕಲಿಯೋ ಅನ್ನುವುದನ್ನೂ ನೋಡಿಬಿಡು. ಕೆಂಪು ಹಿಡಿ, ಬಿಳಿ ಶಿಲುಬೆ ಯಾರು ಬೇಕಾದರೂ ಹಾಕುತ್ತಾರೆ. ದೊಡ್ಡ ಅಲಗನ್ನು ಪೂರ್ತಿ ಬಿಚ್ಚಿ, ಅದು ಹಿಡಿಗೆ ಸೇರುವ ಬುಡದಲ್ಲಿ, ಹರಿತ ಶುರುವಾಗುವುದಕ್ಕೂ ಮುಂಚೆ ಇರುವ ಚಪ್ಪಟೆ ಜಾಗ ನೋಡು. ತಯಾರಕರ ಹೆಸರು ಅಲ್ಲಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತದೆ. ಕೊಳೆ ತುಂಬಿ ಕಾಣದಿದ್ದರೆ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜು. ಅಲ್ಲಿ ವೆಂಗರ್ ಅಂತ ಇದ್ದರೂ ತಲೆ ಕೆಡಿಸಿಕೊಳ್ಳಬೇಡ. ಸ್ವಿಸ್ ಸೈನ್ಯಕ್ಕೆ ಚಾಕು ಕೊಡುತ್ತಿದ್ದ ಇನ್ನೊಂದು ಕಂಪನಿ ಅದು, 2005ರಲ್ಲಿ ವಿಕ್ಟೋರಿನಾಕ್ಸ್ ಅದನ್ನು ಕೊಂಡುಕೊಂಡಿತು. ಈಗ ವಿಚಾರಿಸಬೇಕಾದದ್ದು ಅವರನ್ನೇ. ಮಾಡೆಲ್ ಹೆಸರು ಗೊತ್ತಿಲ್ಲದಿದ್ದರೆ ಮಡಚಿದ ಚಾಕುವಿನ ಉದ್ದ ಅಳೆ. ಸಾಮಾನ್ಯವಾಗಿ ಜೇಬಿನಲ್ಲಿ ಇರುವುದು 91 ಮಿಲಿಮೀಟರಿನದು, ಕೀಲಿಗೊಂಚಲಿಗೆ ಹಾಕುವ ಪುಟಾಣಿ 58ರದು. ಉದ್ದ ಮತ್ತು ಒಳಗಿರುವ ಉಪಕರಣಗಳ ಹೆಸರು ಬರೆದು, ಎಲ್ಲ ಬಿಚ್ಚಿಟ್ಟ ಒಂದು ಫೋಟೋ ಹಾಕಿದರೆ ಸಾಕು.

ಎಲ್ಲವನ್ನೂ ಕಂಪನಿಯೇ ಮಾಡಬೇಕಾಗಿಯೂ ಇಲ್ಲ. ಹಿಡಿಯ ಆ ಕೆಂಪು ಪ್ಲಾಸ್ಟಿಕ್ ಪಟ್ಟಿ ಇದೆಯಲ್ಲ, 91ರ ಮಾಡೆಲ್‌ಗಳಲ್ಲಿ ಅದು ರಿವೆಟ್‌ಗಳ, ಅಂದರೆ ಚಾಕುವನ್ನು ಬಿಗಿ ಹಿಡಿಯುವ ಲೋಹದ ಮೊಳೆಗಳ, ತಲೆಗೆ ಒತ್ತಿ ಕೂರಿಸಿದ್ದು. ಬಿಡಿ ಪಟ್ಟಿ ತಂದು, ಒಳಗಿನ ಗುಳಿಗಳನ್ನು ಆ ತಲೆಗಳಿಗೆ ಸರಿಯಾಗಿ ಹೊಂದಿಸಿ ಒತ್ತಿದರೆ ಟಕ್ಕಂತ ಕೂರುತ್ತದೆ. ಕತ್ತರಿಯ ಸ್ಪ್ರಿಂಗ್, ಚಿಮಟ, ಹಲ್ಲುಕಡ್ಡಿ ಇವೆಲ್ಲ ಬಿಡಿಯಾಗಿ ಸಿಗುತ್ತವೆ. ಅಲಗಿನ ಕಥೆ ಬೇರೆ. ಅಲಗುಗಳು, ಸ್ಪ್ರಿಂಗುಗಳು, ನಡುವಿನ ತೆಳು ತಗಡುಗಳು ಎಲ್ಲ ಒಂದರ ಮೇಲೊಂದು ಕೂತು ರಿವೆಟ್‌ನಲ್ಲಿ ಬಿಗಿಯಾಗಿರುತ್ತವೆ. ಒಂದು ಅಲಗು ತೆಗೆಯಬೇಕಾದರೆ ರಿವೆಟ್ ಹೊಡೆದು ಇಡೀ ಚಾಕು ಬಿಚ್ಚಬೇಕು, ಆಮೇಲೆ ಅಲಗು ಆಡದ ಹಾಗೆ, ಆದರೆ ಬಿಚ್ಚಿ ಮಡಚಲು ಬರುವ ಹಾಗೆ ಮತ್ತೆ ಬಿಗಿಯಬೇಕು. ಅದಕ್ಕೆ ನೀನು ಕೈ ಹಾಕಬೇಡ. ಒಮ್ಮೆ ಬಿಚ್ಚಿದ ಗುರುತು ಕಂಡರೆ ವಾರಂಟಿಯೂ ಹೋಗಬಹುದು.

ಇನ್ನೊಂದು ದಾರಿಯೂ ಇದೆ, ನನಗೆ ಅದೇ ಇಷ್ಟ. ಮೊನೆ ಹೋಗಿರುವುದು ಒಂದೆರಡು ಮಿಲಿಮೀಟರ್ ಅಷ್ಟೇ ಅಂತ ಫೋಟೋದಲ್ಲಿ ಕಾಣುತ್ತದೆ. ಅಷ್ಟಕ್ಕೆ ಅಲಗು ಬದಲಾಯಿಸಬೇಕಿಲ್ಲ. ಹರಿತದ ಕಡೆ ಮುಟ್ಟದೆ, ಬೆನ್ನಿನ ಕಡೆಯಿಂದ ಇಳಿಜಾರಾಗಿ ಉಜ್ಜಿ ತಂದರೆ ಹೊಸ ಮೊನೆ ಮೂಡುತ್ತದೆ. ಅಲಗು ಕೂದಲೆಳೆ ಗಿಡ್ಡವಾಗುತ್ತದೆ, ಹೆಸರು ಉಳಿಯುತ್ತದೆ. ಕೈಯಲ್ಲೇ, ಒದ್ದೆ ಸಾಣೆಕಲ್ಲಿನ ಮೇಲೆ, ನಿಧಾನವಾಗಿ ಮಾಡಬೇಕು. ತಿರುಗುವ ಸಾಣೆಚಕ್ರಕ್ಕೆ ಮಾತ್ರ ಕೊಡಬೇಡ. ತೆಳು ಮೊನೆ ಕ್ಷಣದಲ್ಲಿ ಕಾಯುತ್ತದೆ, ಉಕ್ಕು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅಲ್ಲಿಯ ಗಟ್ಟಿತನ ಹೋಯಿತು ಅಂತಲೇ ಲೆಕ್ಕ. ಆಮೇಲೆ ಎಷ್ಟು ಹರಿತ ಮಾಡಿದರೂ ನಿಲ್ಲುವುದಿಲ್ಲ. ಆದರೆ ಇದನ್ನು ಮಾಡುವುದಾದರೆ ಕಂಪನಿಯ ಉತ್ತರ ಬಂದ ಮೇಲೆ ಮಾಡು. ಉಜ್ಜಿದ ಚಾಕು ಕಳಿಸಿ ವಾರಂಟಿ ಕೇಳಲು ಆಗುವುದಿಲ್ಲ.

ಹಾಂ, ಅಲಗು ಬಿಗಿಯಾಗಿದೆ, ಮಡಚುವಾಗ ಕರ್ ಅನ್ನುತ್ತದೆ ಅಂದಿದ್ದೀಯ. ಅದು ಬಹುಶಃ ಜೇಬಿನ ನೂಲು, ಧೂಳು. ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ, ಒಳಗೇ ಹತ್ತಾರು ಸಲ ಬಿಚ್ಚಿ ಮಡಚು. ಬೆರಳು ಜೋಪಾನ. ಚೆನ್ನಾಗಿ ಒಣಗಿಸಿ ಅಲಗು ತಿರುಗುವ ಕೀಲಿಗೆ ಒಂದು ಹನಿ ಎಣ್ಣೆ ಬಿಡು, ಸ್ಟೇನ್‌ಲೆಸ್ ಅಂತ ಒದ್ದೆಯಾಗಿಯೇ ಇಡಬೇಡ, ಅದಕ್ಕೂ ತುಕ್ಕು ಹಿಡಿಯುತ್ತದೆ. ಕಳಿಸುವುದಾದರೂ ತೊಳೆದೇ ಕಳಿಸು.

ಕಳಿಸುವಾಗ ಎಲ್ಲ ಮಡಚಿ, ತೆರೆದುಕೊಳ್ಳದ ಹಾಗೆ ಟೇಪ್ ಸುತ್ತಿ, ಗಟ್ಟಿ ಡಬ್ಬಿಯಲ್ಲಿ ಇಡು. ಲಕೋಟೆ ಬೇಡ. ಚೀಲ, ಸರಪಳಿ, ಕೀಲಿ ಯಾವುದನ್ನೂ ಜೊತೆಗೆ ಹಾಕಬೇಡ, ಅವು ವಾಪಸ್ ಬರುವ ಭರವಸೆ ಇಲ್ಲ. ಅಂಚೆ, ಕೊರಿಯರ್‌ನವರು ಚಾಕು ತಗೊಳ್ಳುತ್ತಾರಾ ಅಂತ ಮೊದಲೇ ಕೇಳು. ದೇಶದಾಚೆ ಹೋಗುವುದಿದ್ದರೆ ಕಸ್ಟಮ್ಸ್ ಕಾಗದದಲ್ಲಿ "ರಿಪೇರಿಗೆ ಹೋಗುತ್ತಿರುವ ಹಳೆಯ ವಸ್ತು" ಅಂತ ಸ್ಪಷ್ಟವಾಗಿ ಬರೆದು, ಅದರ ಪ್ರತಿ ನಿನ್ನ ಹತ್ತಿರ ಇಟ್ಟುಕೋ. ಇಲ್ಲದಿದ್ದರೆ ವಾಪಸ್ ಬರುವಾಗ ಹೊಸ ಸಾಮಾನು ಅಂತ ನಿನ್ನ ಚಾಕುವಿಗೇ ಸುಂಕ ಕೇಳಿಯಾರು.

ಈಗ ಚಾಕು ಕಳಿಸಬೇಡ, ಫೋಟೋ ಮತ್ತು ಪತ್ರ ಮಾತ್ರ ಕಳಿಸು. ಪತ್ರ ಬರೆದ ಮೇಲೆ ಕಳಿಸುವ ಮುಂಚೆ ನನಗೊಮ್ಮೆ ತೋರಿಸು, ನಿನ್ನ ಉದ್ದದ ಪೀಠಿಕೆಯಲ್ಲಿ ಅರ್ಧ ಹೊಡೆದು ಹಾಕಿ ವಾಪಸ್ ಕೊಡುತ್ತೇನೆ.

ನಿನ್ನ ಗೆಳೆಯ