ಶನಿವಾರದ ಮೇಜಿಗೆ ಇಪ್ಪತ್ತು ವರ್ಷ

ಇದನ್ನು ಅಕ್ಟೋಬರ್‌ನಲ್ಲೇ ಬರೆಯಬೇಕಿತ್ತು. 2025ರ ಅಕ್ಟೋಬರ್ 12ಕ್ಕೆ ಮಾಹಿತಿ ಹಕ್ಕು ಕಾಯ್ದೆ ಜಾರಿಗೆ ಬಂದು ಇಪ್ಪತ್ತು ವರ್ಷ ತುಂಬಿತು. ನಮ್ಮ ಮೇಜಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಎಲ್ಲರನ್ನೂ ಕರೆದು ಒಬ್ಬಟ್ಟಿನ ಊಟ ಹಾಕಿಸೋಣ ಅಂತ ಮಾತಾಗಿತ್ತು. ದೀಪಾವಳಿ ಬಂತು, ಮುಂದಕ್ಕೆ ಹಾಕಿದೆವು. ನವೆಂಬರ್ ಮಧ್ಯದಲ್ಲಿ, ಈ ಕಾಯ್ದೆಗೇ ಕತ್ತರಿ ಹಾಕುವ ತಿದ್ದುಪಡಿ ಜಾರಿಗೆ ಬಂತು ಅಂತ ದೆಹಲಿಯಿಂದ ಅಧಿಸೂಚನೆ ಬಂತು. ಆಮೇಲೆ ಊಟದ ಮಾತನ್ನು ಯಾರೂ ಎತ್ತಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೇಜು ಅಂದರೆ ನಿಜವಾಗಲೂ ಒಂದು ಮೇಜು, ಅಷ್ಟೆ. ತಾಲ್ಲೂಕು ಕಚೇರಿ ಎದುರಿನ ಹೊಂಗೆ ಮರದ ಕೆಳಗೆ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಕಟ್ಟು ಬಿಳಿ ಹಾಳೆ. ಶನಿವಾರ ನಮ್ಮಲ್ಲಿ ಸಂತೆ. ಸಂತೆಗೆ ಬಂದವರು ಹಾಗೇ ಇಲ್ಲಿ ಬಂದು ಮಾಹಿತಿ ಹಕ್ಕಿನ ಅರ್ಜಿ ಬರೆಸಿಕೊಂಡು ಹೋಗುತ್ತಾರೆ. ನಮಗೆ ಬೋರ್ಡಿಲ್ಲ, ರಸೀದಿ ಪುಸ್ತಕವಿಲ್ಲ. ಅರ್ಜಿಯ ಶುಲ್ಕ ಹತ್ತು ರೂಪಾಯಿ, ಬಿಪಿಎಲ್ ಕಾರ್ಡಿದ್ದವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿ. ಇಪ್ಪತ್ತು ವರ್ಷ ನಾವು ಮಾಡಿದ್ದು ಇಷ್ಟೇ.

ಮೊದಲ ಥ್ಯಾಂಕ್ಸ್ ಮೇಷ್ಟ್ರಿಗೆ. ಕೇಂದ್ರದ ಕಾಯ್ದೆಗೆ ಐದು ವರ್ಷ ಮುಂಚೆ, 2000ದಲ್ಲೇ, ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿಕೊಂಡಿತ್ತು ಅನ್ನುವುದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಅದೇ ಕರ್ನಾಟಕ 2008ರಲ್ಲಿ ನಿಯಮ ತಿದ್ದಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಅಂದಿತು. ನಾವು ಬೆಂಗಳೂರಿಗೆ ಆಕ್ಷೇಪಣೆ ಬರೆದೆವು. ಏನೂ ಆಗಲಿಲ್ಲ. ಮೇಷ್ಟ್ರು ಮಾತ್ರ ಕನ್ನಡಕ ಏರಿಸಿಕೊಂಡು ನಕ್ಕರು. ‘ಗ್ರಾಮ ಪಂಚಾಯಿತಿ ವಾರ್ಡ್ ಸಭೆ ನಡಾವಳಿ ಪುಸ್ತಕ’ ಅಂತ ನಾನು ಬರೆದಿದ್ದ ಆರು ಪದವನ್ನು ಹೊಡೆದು ‘ಗ್ರಾಮಪಂಚಾಯಿತಿವಾರ್ಡ್‌ಸಭಾನಡಾವಳಿಪುಸ್ತಕ’ ಅಂತ ಒಂದೇ ಪದ ಮಾಡಿದರು. "ಲೋ, ಸಮಾಸ ಯಾಕೆ ಕಲಿಸಿದ್ದು ಅನ್ಕೊಂಡೆ?" ಅಂದರು. ಆ ಅರ್ಜಿ ತಿರಸ್ಕಾರವಾಗಲಿಲ್ಲ.

ಎರಡನೆಯದು, ಕಚೇರಿಯ ಒಳಗಿದ್ದವರಿಗೆ. ಹೆಸರು ಹೇಳುವ ಹಾಗಿಲ್ಲ, ನಿಮಗೆ ಗೊತ್ತು. ಹೊರಗಿನವರು ಇಡೀ ಕಚೇರಿಯನ್ನು ಬೈಯುತ್ತಾರೆ, ನಾವೂ ಬೈದಿದ್ದೇವೆ. ಆದರೆ ಟಪಾಲು ವಿಭಾಗದಲ್ಲಿ ಕೂತಿದ್ದ ಒಬ್ಬರು ಟೀ ಕುಡಿಯುವ ನೆಪದಲ್ಲಿ ಮರದ ಹತ್ತಿರ ಬಂದು ಮೆಲ್ಲಗೆ ಹೇಳಿದ ಮಾತು ಇವತ್ತಿಗೂ ನಮ್ಮ ಮೊದಲ ಪಾಠ: "ಯಾಕೆ ಮಾಡಿಲ್ಲ ಅಂತ ಕೇಳ್ಬೇಡಿ ಸಾರ್. ಕಡತದ ಪ್ರತಿ ಕೊಡಿ ಅಂತ ಕೇಳಿ. ಯಾಕೆ ಅಂದ್ರೆ ಹಿಂಬರಹ ಕೊಟ್ಟು ಕಳಿಸ್ತಾರೆ. ಪ್ರತಿ ಅಂದ್ರೆ ಕೊಡ್ಲೇಬೇಕು." ಅಲ್ಲಿವರೆಗೆ ನಾವು ಬರೀ ಯಾಕೆ, ಯಾಕೆ ಅಂತಲೇ ಬರೆಯುತ್ತಿದ್ದೆವು!

ಮೂರನೆಯದು ಒಬ್ಬ ಅಮ್ಮನಿಗೆ. 2010ರ ಸುಮಾರು. ಉದ್ಯೋಗ ಖಾತ್ರಿ ಕೆಲಸದ ಹಾಜರಿ ಪಟ್ಟಿಯ ನಕಲು ತರಿಸಿ, ಮರದ ಕೆಳಗೆ ಒಂದೊಂದೇ ಹೆಸರು ಓದುತ್ತಿದ್ದೆವು. ಸೊಪ್ಪಿನ ಬುಟ್ಟಿ ಪಕ್ಕಕ್ಕಿಟ್ಟು ಕೂತಿದ್ದ ಆಕೆ ಒಂದು ಹೆಸರಿಗೆ ತಡೆದರು. "ಇನ್ನೊಂದ್ಸಲ ಓದಪ್ಪ" ಅಂದರು. ಓದಿದೆ. "ನಮ್ಮೆಜಮಾನ್ರು ಹೋಗಿ ಮೂರು ವರ್ಷ ಆಯ್ತು. ಇದ್ದಾಗ ಒಂದಿನ ಹಾರೆ ಹಿಡಿದೋರಲ್ಲ. ಈಗ ಹನ್ನೆರಡು ದಿನ ಕೆರೆ ಹೂಳು ತೆಗ್ದವ್ರೆ!" ಸುತ್ತ ಇದ್ದವರೆಲ್ಲ ನಕ್ಕರು. ಆಕೆಯೂ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತು ಇತ್ತು. ಯಾರದೋ.

ನವೆಂಬರ್‌ನಿಂದ ನನಗೆ ಆ ಹೆಬ್ಬೆಟ್ಟೇ ನೆನಪಾಗುತ್ತಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಂ ಮೊದಲು ಹೇಳುತ್ತಿದ್ದದ್ದು ಇಷ್ಟು: ಸಾರ್ವಜನಿಕ ಕೆಲಸಕ್ಕೆ ಸಂಬಂಧವೇ ಇಲ್ಲದ, ಕೊಟ್ಟರೆ ಒಬ್ಬರ ಖಾಸಗಿತನಕ್ಕೆ ಸುಮ್ನೆ ಕೈಹಾಕಿದಂತಾಗುವ ವೈಯಕ್ತಿಕ ಮಾಹಿತಿ ಕೊಡಬೇಕಿಲ್ಲ. ಸಂಸತ್ತಿಗೆ, ಶಾಸನಸಭೆಗೆ ಇಲ್ಲ ಅನ್ನಲಾಗದ್ದನ್ನು ಜನರಿಗೂ ಇಲ್ಲ ಅನ್ನಬಾರದು ಅಂತ ಒಂದು ಮಾತೂ ಇತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 44(3)ನೇ ಕಲಂ, ನವೆಂಬರ್‌ನ ಆ ಅಧಿಸೂಚನೆಯಿಂದ ಜಾರಿಗೆ ಬಂದದ್ದು, ಅದನ್ನೆಲ್ಲ ತೆಗೆದು ಒಂದೇ ಸಾಲು ಉಳಿಸಿತು. ವೈಯಕ್ತಿಕ ಮಾಹಿತಿಯಾ? ಕೊಡಬೇಕಿಲ್ಲ. ಹಾಜರಿ ಪಟ್ಟಿಯ ಹೆಸರು ವೈಯಕ್ತಿಕವೋ ಅಲ್ಲವೋ? ಕೊಡಲು ಮನಸ್ಸಿಲ್ಲದವರು ಏನು ಹೇಳುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಾ.

ಹಾಗಂತ ನಾವು ಖಾಸಗಿತನಕ್ಕೆ ವಿರೋಧಿಗಳಲ್ಲ. ಅದು ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಮೊಕದ್ದಮೆಯಲ್ಲಿ. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ 86. ಆ ವಯಸ್ಸಿನಲ್ಲಿ! 2024ರಲ್ಲಿ ತೀರಿಕೊಂಡರು. ಅವರಿಗೂ ಒಂದು ನಮಸ್ಕಾರ. ಜನರನ್ನು ಸರ್ಕಾರದ ಕಣ್ಣಿನಿಂದ ಕಾಪಾಡಲು ಬಂದ ಹಕ್ಕನ್ನು ಸರ್ಕಾರದ ಕಡತವನ್ನು ಜನರ ಕಣ್ಣಿನಿಂದ ಮುಚ್ಚಲು ಬಳಸಿದ್ದು ನನಗಂತೂ ಒಪ್ಪಿಗೆಯಿಲ್ಲ.

ಇದನ್ನು ತಡೆಯಲು, ಮೇಜಿನ ಜೊತೆಗಿದ್ದ ನೀವೆಲ್ಲ ಮಾಡಿದ್ದನ್ನು ನಾನು ಮರೆತಿಲ್ಲ. 2019ರ ತಿದ್ದುಪಡಿಯ ಹೊತ್ತಿಗೂ ನೀವೇ ಕಾರ್ಡು ಬರೆದಿದ್ದು. ನಮ್ಮ ಮೇಲ್ಮನವಿ ಕೇಳುವ ರಾಜ್ಯದ ಮಾಹಿತಿ ಆಯುಕ್ತರ ಸಂಬಳ, ಅವಧಿಯನ್ನೂ ಕೇಂದ್ರವೇ ಗೊತ್ತುಮಾಡುವ ಹಾಗಾದ ಸಲ ಅದು. ಆಗಲೂ ಸೋತೆವು. 44(3) ಕೈಬಿಡಿ ಅಂತ ಈ ಸಲ ಮತ್ತೆ ಬರೆದಿರಿ. ನೂರಕ್ಕೂ ಹೆಚ್ಚು ಸಂಸದರೂ ಸಹಿ ಹಾಕಿ ಸಚಿವರಿಗೆ ಮನವಿ ಕೊಟ್ಟಿದ್ದರು. ನಮ್ಮ ಝೆರಾಕ್ಸ್ ಅಂಗಡಿಯ ಅಕ್ಕ ಮನವಿಯ ನಕಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. "ಗೆದ್ದ ಮೇಲೆ ಕೊಡಿ" ಅಂದರು. ಅಕ್ಕ, ಆ ಬಾಕಿ ಹಾಗೇ ಇದೆ.

ಕಳೆದ ತಿಂಗಳು ಒಬ್ಬ ಹುಡುಗ ಬಂದು "ಅಂಕಲ್, ಇನ್ನು ಮೇಜು ಯಾಕೆ?" ಅಂದ. ಉತ್ತರ ಹೊಳೆಯಲಿಲ್ಲ. ರಾಜಸ್ಥಾನದ ಬ್ಯಾವರ್ ಕತೆ ಹೇಳಿದೆ. ಅಲ್ಲಿ 1996ರಲ್ಲಿ ಕೂಲಿಕಾರರು ‘ನಮ್ಮ ದುಡ್ಡು, ನಮ್ಮ ಲೆಕ್ಕ’ ಅಂತ ನಲವತ್ತು ದಿನ ಬೀದಿಯಲ್ಲಿ ಕೂತರು. ಆಮೇಲೂ ದೇಶದ ಕಾಯ್ದೆ ಬರಲು ಒಂಬತ್ತು ವರ್ಷ ಹಿಡಿಯಿತು. ಹುಡುಗ ಮೊಬೈಲ್ ನೋಡಿಕೊಂಡೇ ಕೇಳಿದ. ಆದರೆ ಮುಂದಿನ ಶನಿವಾರ ಬಂದ, ಕುರ್ಚಿ ಹಾಕಿದ. ಅವನಿಗೂ ಥ್ಯಾಂಕ್ಸ್. ಇಪ್ಪತ್ತು ವರ್ಷ ಶನಿವಾರದ ಮದುವೆಗಳಿಗೆಲ್ಲ ಒಬ್ಬಳೇ ಹೋಗಿಬಂದ ನನ್ನ ಹೆಂಡತಿಗೆ ಇಲ್ಲಿ ಏನೂ ಹೇಳುವುದಿಲ್ಲ, ಮನೆಯಲ್ಲಿ ಹೇಳುತ್ತೇನೆ.

8(2)ನೇ ಕಲಂ ಇನ್ನೂ ಮಾಹಿತಿ ಹಕ್ಕು ಕಾಯ್ದೆಯಲ್ಲಿದೆ. ಆಗುವ ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅನ್ನುತ್ತದೆ ಅದು. ‘ಕೊಡಬಹುದು’, ‘ಕೊಡಬೇಕು’ ಅಲ್ಲ. ಅದನ್ನೇ ಹಿಡಿದು ಮಾದರಿ ಅರ್ಜಿಗೆ ಒಂದು ಸಾಲು ಸೇರಿಸಿದ್ದೇವೆ. ಸಾಲು ಸೇರಿಸಿದಾಗ 163 ಪದ ಆಗಿತ್ತು. ಮೇಷ್ಟ್ರಿಗೆ ಈಗ ಎಂಬತ್ತು ದಾಟಿದೆ, ಅಕ್ಷರ ಕಾಣಲು ಭೂತಕನ್ನಡಿ ಬೇಕು. ಎರಡು ದಿನ ಇಟ್ಟುಕೊಂಡು ವಾಪಸ್ ಕೊಟ್ಟಿದ್ದಾರೆ. 148.